ಸಾರಿನ ಪುಡಿ ಡಬ್ಬಿಯೊಳಗಿನ ಲಿನಕ್ಸ್

"ಯಾರೂ ಕೆಮ್ಮಬೇಡಿ! ಇನ್ನೇನು ಏಳುತ್ತೆ!" ಎಂದು ಮರುಳಸಿದ್ದಪ್ಪನವರು ಎರಡೂ ಕೈ ಮೇಲೆತ್ತಿದರು.

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ. ನಮ್ಮ ಅಡ್ಡರಸ್ತೆಯ ಎಂಟೂ ಮನೆಯವರು ಅವರ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಸುತ್ತ ನಿಂತಿದ್ದೆವು. ನಮ್ಮ ಎಂಟು ಮನೆಗೂ ಅದೊಂದೇ ಟ್ಯಾಂಕು. ಬಿಳಿಗಲ್ಲೂರಿನಲ್ಲಿ ಬುಧವಾರಕ್ಕೊಮ್ಮೆ ನೀರು ಬಿಡುತ್ತಾರೆ. ಬಂದ ನೀರು ಕೆಳಗಿನ ಸಂಪಿಗೆ ಬೀಳುತ್ತದೆ, ಮೋಟಾರು ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ಎಂಟು ಪೈಪು, ಎಂಟು ವಾಲ್ವು. ಯಾರ ವಾಲ್ವನ್ನು ಯಾರು ಎಷ್ಟು ಹೊತ್ತು ತಿರುಗಿಸಿಟ್ಟರು ಎಂಬ ಜಗಳ ಮಾತ್ರ ವಾರವಿಡೀ ಬರುತ್ತದೆ.

ಈ ಜಗಳಕ್ಕೆ ಶಾಶ್ವತ ಪರಿಹಾರ ಕೊಡುತ್ತೇನೆಂದು ಹೊರಟವರು ನಮ್ಮ ಪಕ್ಕದ ಮನೆಯ ಮರುಳಸಿದ್ದಪ್ಪನವರು. ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಅವರು ಕಂಡುಹಿಡಿದ ಯಂತ್ರಗಳನ್ನು ನಾನು ಪಕ್ಕದಿಂದ ನೋಡಿದ್ದೇನೆ, ಕೆಲವನ್ನು ತಲೆ ಬಗ್ಗಿಸಿ ತಪ್ಪಿಸಿಕೊಂಡೂ ಇದ್ದೇನೆ. ಅವರ ಕಾಯಿ ತುರಿಯುವ ಯಂತ್ರ ತೆಂಗಿನಕಾಯಿಯನ್ನು ನಮ್ಮ ಅಡುಗೆಮನೆಯ ಕಿಟಕಿಯವರೆಗೆ ಎಸೆದಿತ್ತು. ಸೊಳ್ಳೆ ಹಿಡಿಯುವ ಫ್ಯಾನು ಒಂದೂ ಸೊಳ್ಳೆ ಹಿಡಿಯಲಿಲ್ಲ. ಮನೆಗೆ ಬಂದ ನೆಂಟರೊಬ್ಬರ ವಿಗ್ಗನ್ನು ಮಾತ್ರ ಹಿಡಿದುಕೊಂಡಿತು.

ಈ ಸಲದ ಯಂತ್ರ ಒಂದು ಸ್ಟೀಲ್ ಡಬ್ಬಿಯಲ್ಲಿತ್ತು. ಡಬ್ಬಿಯಿಂದ ಎಂಟು ಬಣ್ಣದ ವೈರುಗಳು ಎಂಟು ವಾಲ್ವುಗಳಿಗೆ ಹೋಗಿದ್ದವು.

"ಅದು ನನ್ನ ಸಾರಿನ ಪುಡಿ ಡಬ್ಬಿ!" ಎಂದರು ಅವರ ಹೆಂಡತಿ ಸರ್ವಮಂಗಳಕ್ಕ. "ಮೂರು ದಿನದಿಂದ ಹುಡುಕ್ತಾ ಇದೀನಿ!"

"ಆಗ ಅದು ಡಬ್ಬಿ. ಈಗ ಕಂಪ್ಯೂಟರು," ಎಂದು ಅವರು ಮುಚ್ಚಳ ತೆಗೆದು ತೋರಿಸಿದರು. ಒಳಗೆ ಬಿಸ್ಕತ್ತಿನಷ್ಟು ದೊಡ್ಡ ಹಸಿರು ಹಲಗೆ. "ಇದಕ್ಕೆ ಬೋರ್ಡು ಅಂತಾರೆ. ಕೊಂಡು ತಂದಾಗ ಇದಕ್ಕೆ ತಲೆ ಇರುತ್ತೆ, ಬುದ್ಧಿ ಇರಲ್ಲ. ಬುದ್ಧಿ ನಾವೇ ಹಾಕ್ಬೇಕು. ಆ ಬುದ್ಧಿಯ ಹೆಸರೇ ಲಿನಕ್ಸ್!"

"ಹಾಗಾದ್ರೆ ನೀವೂ ಒಂದ್ಸಲ ಹಾಕಿಸ್ಕೊಳ್ಳಿ," ಎಂದರು ಸರ್ವಮಂಗಳಕ್ಕ.

ಬುದ್ಧಿ ಹಾಕಲು ಹನ್ನೊಂದು ದಿನ ಹಿಡಿದಿತ್ತಂತೆ. ಲಿನಕ್ಸನ್ನು ಉಗುರಿನಷ್ಟಗಲದ ಒಂದು ಕಾರ್ಡಿಗೆ ತುಂಬಿಸಿ ಬೋರ್ಡಿನ ಬಾಯಿಗೆ ಇಡಬೇಕು. ಮನೆಯಲ್ಲಿ ಸಿಕ್ಕ ಕಾರ್ಡನ್ನು ಒರೆಸಿ ಶುದ್ಧ ಮಾಡಿ ತುಂಬಿಸಿದರು. ಅದರಲ್ಲಿ ಸರ್ವಮಂಗಳಕ್ಕನ ತಂಗಿಯ ಮದುವೆಯ ವಿಡಿಯೋ ಇತ್ತೆಂದು ಒರೆಸಿದ ಮೇಲೆ ತಿಳಿಯಿತು. ಆಮೇಲೆ ನೋಡಿದರೆ ತುಂಬಿಸಿದ್ದು ಬೇರೆ ಜಾತಿಯ ಬೋರ್ಡಿನ ಲಿನಕ್ಸ್. ಇನ್ನೊಬ್ಬರ ಅಳತೆಯ ಅಂಗಿ ತೊಟ್ಟವರಂತೆ ಬೋರ್ಡು ಮಿಸುಕದೆ ಕೂತು ಕೆಂಪು ದೀಪವೊಂದನ್ನೇ ಉರಿಸಿತು. ಸರಿಯಾದದ್ದನ್ನು ಹಾಕಿದ ಮೇಲೂ ನಾಲ್ಕು ದಿನ ಮಾತಿಲ್ಲ.

"ತಪ್ಪು ವೈರಿನಲ್ಲಿತ್ತು," ಎಂದು ಮರುಳಸಿದ್ದಪ್ಪನವರು ವಿವರಿಸಿದರು. "ಬೋರ್ಡಿನ ಬಾಯಿ ಲ್ಯಾಪ್‌ಟಾಪಿನ ಕಿವಿಗೆ, ಲ್ಯಾಪ್‌ಟಾಪಿನ ಬಾಯಿ ಬೋರ್ಡಿನ ಕಿವಿಗೆ ಜೋಡಿಸ್ಬೇಕು. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸ್ಬಿಟ್ಟಿದ್ದೆ. ಎರಡೂ ಮಾತಾಡ್ತಾ ಇದ್ವು, ಯಾರಿಗೂ ಕೇಳಿಸ್ತಾ ಇರ್ಲಿಲ್ಲ!"

"ನಮ್ಮ ಸಂಸಾರದ ಹಾಗೆ," ಎಂದರು ಸರ್ವಮಂಗಳಕ್ಕ.

ಬೋರ್ಡಿಗೆ ತನ್ನದೇ ಪರದೆ ಇಲ್ಲದ್ದರಿಂದ ತಾರಸಿಯ ಮೇಲೆ ಅದರ ಮಾತುಗಳು ಕಾಣುವುದಿಲ್ಲ. ಹಾಗಾಗಿ ಮರುಳಸಿದ್ದಪ್ಪನವರು ಅದಕ್ಕೊಂದು ಬಾಯಿ ಕೊಟ್ಟಿದ್ದರು. ಗುಜರಿಯಿಂದ ತಂದ ದೊಡ್ಡ ಹಾರ್ನ್ ಒಂದು ಟ್ಯಾಂಕಿನ ಪಕ್ಕದ ಪೈಪಿನ ತುದಿಯಲ್ಲಿ ನಮ್ಮ ಅಂಗಳದ ಮೇಲಿಂದ ರಸ್ತೆಯ ಕಡೆ ಮುಖ ಮಾಡಿ ಕೂತಿತ್ತು. ಲಿನಕ್ಸ್ ಹೇಳುವುದನ್ನೆಲ್ಲ ತಾವೇ ಕನ್ನಡಕ್ಕೆ ತಿರುಗಿಸಿದ್ದರು. ಅವರು ಸ್ವಿಚ್ಚು ಒತ್ತಿದರು.

"ತಿರುಳು ಎದ್ದಿದೆ!" ಎಂದು ಹಾರ್ನ್ ಗುಡುಗಿತು. ನಾವೆಲ್ಲ ಬೆಚ್ಚಿ ಸರ್ವಮಂಗಳಕ್ಕನ ಕಡೆ ತಿರುಗಿದೆವು. ಅದು ಅವರದೇ ಧ್ವನಿ! ಆದರೆ ಅವರ ಬಾಯಿ ಮುಚ್ಚಿತ್ತು. ಅಂಥದ್ದನ್ನು ನಾವು ಕಂಡದ್ದೇ ಅಪರೂಪ.

"ಆರು ತಿಂಗಳು ಇವಳು ನನ್ನನ್ನ ಬೈದಿದ್ದನ್ನೆಲ್ಲ ಫೋನಲ್ಲಿ ಹಿಡಿದಿಟ್ಟು ಕಲಿಸಿದೆ," ಎಂದರು ಮರುಳಸಿದ್ದಪ್ಪನವರು ಹೆಮ್ಮೆಯಿಂದ. "ಮಾದರಿಗೆ ಕೊರತೆಯೇ ಆಗಲಿಲ್ಲ!"

"ಗಡಿಯಾರದ ಭೂತ ಎದ್ದಿದೆ. ಲೆಕ್ಕದ ಭೂತ ಎದ್ದಿದೆ. ನೀರಿನ ಭೂತ ಎದ್ದಿದೆ. ಮೋಟಾರಿನ ಭೂತ ಎದ್ದಿದೆ."

ಮೂರನೇ ಮನೆಯಾಕೆ ಸೆರಗು ಬಿಗಿದು ಮೆಟ್ಟಿಲ ಕಡೆ ಓಡಿದರು.

"ಹೆದರ್ಬೇಡ್ರಮ್ಮ! ತಿರುಳು ಅಂದ್ರೆ ಲಿನಕ್ಸಿನ ಜೀವ. ಕಣ್ಣಿಗೆ ಕಾಣದೆ ಹಿಂದೆ ನಿಂತು ದುಡಿಯೋ ಕೆಲಸಗಾರರನ್ನ ಲಿನಕ್ಸಲ್ಲಿ ಹಾಗೇ ಕರೆಯೋದು. ಒಳ್ಳೇ ಭೂತಗಳು!"

"ಗುಟ್ಟಿನ ಮಾತು ಹೇಳಿ," ಎಂದಿತು ಹಾರ್ನ್. ಮರುಳಸಿದ್ದಪ್ಪನವರು ನಮಗೆ ಬೆನ್ನು ತಿರುಗಿಸಿ ಕೀಲಿಮಣೆಯಲ್ಲಿ ಏನೋ ಕುಟ್ಟಿದರು. "ಸ್ವಾಗತ, ಮೂಲಪುರುಷರೇ!"

ಮೂಲಪುರುಷರೆಂದರೆ ಲಿನಕ್ಸಿನ ಲೆಕ್ಕದಲ್ಲಿ ಎಲ್ಲ ಅಧಿಕಾರವಿರುವ ಯಜಮಾನರಂತೆ. ಎಂಟು ವಾಲ್ವುಗಳು ಒಟ್ಟಿಗೆ ಕಿರ್ರೆಂದವು. ಎಂಟು ಮನೆಯ ನಲ್ಲಿಯಲ್ಲೂ ಸರಿಯಾಗಿ ಹತ್ತತ್ತು ಕೊಡ ನೀರು ಬಂದು ನಿಂತಿತು. ಒಂದು ಲೋಟ ಹೆಚ್ಚಿಲ್ಲ, ಕಡಿಮೆಯಿಲ್ಲ! ಚಪ್ಪಾಳೆಯೋ ಚಪ್ಪಾಳೆ. ನಮ್ಮ ಯಜಮಾನರಂತೂ ಮರುಳಸಿದ್ದಪ್ಪನವರನ್ನು ತಬ್ಬಿಕೊಂಡೇ ಬಿಟ್ಟರು.

ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬರುವ ಬುಧವಾರವೇ ನನ್ನ ಮಗಳು ಸಹನಾಳ ಸೀಮಂತ. ಮದುವೆಯಾಗಿ ಆರು ವರ್ಷದ ಮೇಲೆ ಬಸುರಾಗಿದ್ದಾಳೆ. ಕಡೂರಿನಿಂದ ಬೀಗರ ಕಡೆಯವರು ನಲವತ್ತು ಮಂದಿ ಬರುತ್ತಾರೆ. ಬೀಗಿತ್ತಿ ಸುಲೋಚನಮ್ಮನವರು ಶಕುನ, ಮಡಿ, ಕ್ರಮ ಎಲ್ಲದರಲ್ಲೂ ಬಲು ಕಟ್ಟುನಿಟ್ಟು.

"ಮರುಳಣ್ಣ, ಬುಧವಾರ ನೀರಿಗೆ ತೊಂದ್ರೆ ಆಗಲ್ಲ ತಾನೇ?" ಎಂದೆ.

"ದಾಕ್ಷಾಯಿಣಮ್ಮ, ಬುಧವಾರ ನಿಮಗೆ ಎರಡು ಪಾಲು ಅಂತ ಈಗ್ಲೇ ಬರೆದಿಟ್ಟಿದೀನಿ!"

"ಅಲ್ಲೀವರೆಗೆ ಇದನ್ನ ಮುಟ್ಬೇಡಿ ಅಣ್ಣ. ಚೆನ್ನಾಗಿ ನಡೀತಾ ಇದೆ. ಕೈ ಮುಗೀತೀನಿ."

"ಛೇ ಛೇ! ನಾನ್ಯಾಕೆ ಮುಟ್ಲಿ?" ಎಂದರು. ಹಾಗೆನ್ನುವಾಗಲೇ ಅವರ ಬೆರಳು ಡಬ್ಬಿಯ ಮುಚ್ಚಳವನ್ನು ಸವರುತ್ತಿತ್ತು.

ಸೋಮವಾರದಿಂದ ಯಂತ್ರ ಚಾಡಿ ಹೇಳತೊಡಗಿತು. "ಆರನೇ ಮನೆ. ಇವತ್ತಿನ ಮೂರನೇ ಸ್ನಾನ," ಎಂದು ಇಡೀ ರಸ್ತೆಗೆ ಕೇಳುವಂತೆ ಕೂಗಿತು. ಆರನೇ ಮನೆಯವರು ನಾಚಿ ಕಿಟಕಿ ಹಾಕಿಕೊಂಡರು. "ನಾಲ್ಕನೇ ಮನೆ. ಸ್ನಾನ ಇನ್ನೂ ಇಲ್ಲ." ನಾಲ್ಕನೇ ಮನೆಯವರೂ ಹಾಕಿಕೊಂಡರು.

ಮಂಗಳವಾರ ಸರ್ವಮಂಗಳಕ್ಕ ನನ್ನ ಹೋಳಿಗೆಯ ಪಾತ್ರೆಗಳನ್ನು ತೊಳೆದುಕೊಡುತ್ತೇನೆಂದು ತಮ್ಮ ಮನೆಯ ನಲ್ಲಿ ತಿರುಗಿಸಿದರು.

"ಎರಡನೇ ಮನೆ. ಇವತ್ತಿನ ಪಾಲು ಮುಗಿದಿದೆ," ಎಂದಿತು ಅವರದೇ ಧ್ವನಿ.

"ಏಯ್, ನಾನು ಕಣೇ!" ಎಂದು ಅಕ್ಕ ಮತ್ತೆ ನಲ್ಲಿ ತಿರುಗಿಸಿದರು.

"ನೀವು ಮೂಲಪುರುಷರಲ್ಲ. ನಿಮಗೆ ಅಧಿಕಾರವಿಲ್ಲ."

"ನನ್ನ ಮನೆ, ನನ್ನ ಡಬ್ಬಿ, ನನ್ನ ಗಂಟಲು! ನನಗೇ ಅಧಿಕಾರ ಇಲ್ವಾ?"

"ಗುಟ್ಟಿನ ಮಾತು ಹೇಳಿ."

"ಹೇಳ್ತೀನಿ ಬಾ, ಕೆಳಗಿಳಿದು ಬಾ!"

ಅರ್ಧ ಗಂಟೆ ನಡೆಯಿತು. ರಸ್ತೆಯಲ್ಲಿ ನಿಂತವರಿಗೆ ಯಾವುದು ಅಕ್ಕ, ಯಾವುದು ಹಾರ್ನ್ ಎಂದು ತಿಳಿಯುತ್ತಿರಲಿಲ್ಲ. ಪೇಟೆಯಿಂದ ಬಂದ ಮರುಳಸಿದ್ದಪ್ಪನವರು ಗೇಟಿನ ಬಳಿ ಒಂದು ಕ್ಷಣ ನಿಂತು ಕೇಳಿಸಿಕೊಂಡು, ಚೀಲದ ಸಮೇತ ಮತ್ತೆ ಪೇಟೆಗೇ ಹೋದರು.

ಕೊನೆಗೆ ಸರ್ವಮಂಗಳಕ್ಕ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಗುಟ್ಟಿನ ಮಾತನ್ನು ಪತ್ತೆ ಹಚ್ಚಿ, ತಾವೇ ಮೂಲಪುರುಷರಾಗಿ ಆರು ಕೊಡ ನೀರು ಹಿಡಿದರು. ಇದು ಗೊತ್ತಾಗಿ ಸಂಜೆ ಅವರ ಯಜಮಾನರು ಗುಟ್ಟಿನ ಮಾತನ್ನು ಬದಲಾಯಿಸಿದರು.

ಬುಧವಾರ ಬಂತು. ಅಂಗಳದಲ್ಲಿ ಶಾಮಿಯಾನ, ಒಲೆಯ ಮೇಲೆ ಹೂರಣ, ಹೊರಗೆ ಬೀಗರ ಎರಡು ವ್ಯಾನು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಸಹನಾ ಹಸೆಯ ಮೇಲೆ ಕೂತಿದ್ದಳು. ಮಡಿಲು ತುಂಬಿ, ಸೋಬಾನೆ ಹಾಡಿ, ಸುಲೋಚನಮ್ಮನವರು ಆರತಿ ತಟ್ಟೆ ಎತ್ತಿದರು. ಅದೇ ಹೊತ್ತಿಗೆ ಆಕಾಶದಿಂದ ಗಟ್ಟಿಯಾಗಿ ಕೇಳಿಸಿತು:

"ಮಗು ಹುಟ್ಟಿತು!"

ಎಲ್ಲರೂ ಬೆರಗಾದರು. ಸುಲೋಚನಮ್ಮನವರ ಮುಖ ಅರಳಿತು. "ಆಹಾ! ಆರತಿ ಹೊತ್ತಿಗೆ ಸರಿಯಾಗಿ ಎಂಥಾ ಶುಭ ನುಡಿ! ಯಾರಮ್ಮ ಆ ಪುಣ್ಯಾತ್ಗಿತ್ತಿ?"

"ಮಗು ಹುಟ್ಟಿತು!"

"ಅವಳಿ!" ಎಂದು ಯಾರೋ ಕೂಗಿದರು. ಹೆಂಗಸರೆಲ್ಲ ನಕ್ಕರು. ಸಹನಾ ನಾಚಿ ತಲೆ ತಗ್ಗಿಸಿದಳು.

"ಮಗು ಹುಟ್ಟಿತು! ಮಗು ಹುಟ್ಟಿತು! ಮಗು ಹುಟ್ಟಿತು!"

ನಗು ಸ್ವಲ್ಪ ಕಡಿಮೆಯಾಯಿತು. ಸುಲೋಚನಮ್ಮನವರ ಅತ್ತೆ, ತೊಂಬತ್ತರ ಅಜ್ಜಿ, ಬೆರಳು ಮಡಿಸಿ ಎಣಿಸತೊಡಗಿದರು. "ಹದಿನೇಳು... ಹದಿನೆಂಟು... ಇದಕ್ಕೆ ತೊಟ್ಟಿಲು ಸಾಲಲ್ಲ ಕಣೇ ಸುಲೋಚನಾ, ಲಾರಿನೇ ಕಟ್ಟಿಸ್ಬೇಕು!"

"ಅಮ್ಮಾ!" ಎಂದಳು ಸಹನಾ, ಅಳುವುದೋ ನಗುವುದೋ ತಿಳಿಯದೆ. "ನನ್ನ ಕೈಲಾಗಲ್ಲಮ್ಮ!"

ಅಷ್ಟರಲ್ಲಿ ಅಡುಗೆಯವರು ಖಾಲಿ ಕೊಳಗ ಹಿಡಿದು ಬಂದರು. "ಅಮ್ಮಾರೇ, ನಲ್ಲಿ ಸೊಯ್ಯ್ ಅಂತಿದೆ. ಒಂದ್ ತೊಟ್ಟೂ ಇಲ್ಲ. ಅನ್ನಕ್ಕೆ ಎಸರಿಡೋದು ಹೇಗೆ?"

ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಪಕ್ಕದ ಮನೆಯ ತಾರಸಿಗೆ ಓಡಿದೆ.

ಮರುಳಸಿದ್ದಪ್ಪನವರು ಡಬ್ಬಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಡಬ್ಬಿ ಕಾದು ಸುತ್ತಲೂ ಘಮ್ಮೆಂದು ಸಾರಿನ ಪುಡಿಯ ವಾಸನೆ.

"ಅಣ್ಣ! ಮುಟ್ಟಿದ್ರಾ?"

"ಒಂದೇ ಒಂದು ಸಾಲು ತಿದ್ದಿದೆ, ಅಷ್ಟೇ! ನಿಮಗೆ ಎರಡು ಪಾಲು ಬೇಗ ಬರ್ಲಿ ಅಂತ. ಕೆಲಸ ಹಂಚ್ಕೊಳ್ಳೋಕೆ ಲಿನಕ್ಸ್ ಮರಿ ಕೆಲಸ ಹುಟ್ಟಿಸ್ಕೊಳ್ಳುತ್ತೆ. ಅದನ್ನ ನಾನು ಮಗು ಅಂತ ಅನುವಾದ ಮಾಡಿದ್ದೆ. ಹುಟ್ಟಿಸು ಅಂತ ಬರೆದೆ..."

"ಆಮೇಲೆ?"

"ಸಾಕು ಅಂತ ಬರೆಯೋದು ಮರ್ತೆ. ಈಗ ಹುಟ್ಟಿದ್ದೂ ಹೆರ್ತಾ ಇದಾವೆ. ಹೆರೋದ್ರಲ್ಲೇ ಮುಳುಗಿ ವಾಲ್ವು ತೆಗೆಯೋಕೆ ಅದಕ್ಕೆ ಪುರುಸೊತ್ತೇ ಇಲ್ಲ!"

"ಪ್ಲಗ್ ಕಿತ್ತಾಕಿ!"

"ಅಯ್ಯಯ್ಯೋ! ಬರೀತಾ ಇರುವಾಗ ಕಿತ್ತರೆ ಕಾರ್ಡು ಕೆಟ್ಟು ಹೋಗುತ್ತೆ. ಮತ್ತೆ ಹನ್ನೊಂದು ದಿನ! ವಾಲ್ವೂ ಮುಚ್ಚಿದ ಹಾಗೇ ಇರುತ್ತೆ. ಕೈಯಲ್ಲಿ ತಿರುಗಿಸೋ ಚಕ್ರಗಳನ್ನೆಲ್ಲ ಕಿತ್ತು ಗುಜರಿಗೆ ಕೊಟ್ಟು ಆ ಹಾರ್ನ್ ತಂದಿದೀನಿ."

"ಮತ್ತೆ ಸಾಕು ಅಂತ ಹೇಳಿ ಅದಕ್ಕೆ!"

"ಹೇಳ್ಬೇಕಾದ್ರೆ ಗುಟ್ಟಿನ ಮಾತು ಬೇಕು." ಅವರು ಹಣೆ ಒರೆಸಿಕೊಂಡರು. "ನಿನ್ನೆ ಬದಲಾಯಿಸಿದ್ನಲ್ಲ, ಮರೆಯಬಾರ್ದು ಅಂತ ನಮ್ಮ ಮದುವೆ ತಾರೀಖು ಇಟ್ಟೆ. ಈಗ ತಾರೀಖು ನೆನಪಿಗೆ ಬರ್ತಾ ಇಲ್ಲ."

ಮೆಟ್ಟಿಲ ಮೇಲಿಂದ ಯಾರೋ ಉಸಿರೆಳೆದುಕೊಂಡ ಸದ್ದು. ಸರ್ವಮಂಗಳಕ್ಕ! ನನ್ನ ಹಿಂದೆಯೇ ಓಡಿ ಬಂದಿದ್ದರು.

"ಮೂವತ್ತಾರು ವರ್ಷದಲ್ಲಿ ಒಂದ್ಸಲನಾದ್ರೂ ನೆನಪಿಟ್ಕೊಂಡಿದ್ರಾ ನೀವು, ಅದನ್ನ ಹೋಗಿ ಗುಟ್ಟಿನ ಮಾತು ಮಾಡಿದ್ರಲ್ಲ!"

"ಅದಕ್ಕೇ ಮಾಡಿದ್ದು ಮಂಗಳಾ. ದಿನಾ ಕುಟ್ಟಿ ಕುಟ್ಟಿ ನೆನಪಾಗ್ಲಿ ಅಂತ."

ಸರ್ವಮಂಗಳಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಳಗಿನಿಂದ ಅಜ್ಜಿಯ ದನಿ ಕೇಳಿಸಿತು: "ಅರವತ್ತೆರಡು!"

"ಹೇಳ್ತೀನಿ. ಆದ್ರೆ ಇವತ್ತಿಂದ ನಾನೂ ಮೂಲಪುರುಷ!"

"ಒಪ್ದೆ!"

"ಮೇ ತಿಂಗಳು ಇಪ್ಪತ್ತೆರಡು. ಇಸವಿ ನೀವೇ ಲೆಕ್ಕ ಹಾಕಿ."

ಅವರು ಕುಟ್ಟಿದರು. "ಸ್ವಾಗತ, ಮೂಲಪುರುಷರೇ!" ಎಂದಿತು ಹಾರ್ನ್. ನಾನು ಉಸಿರು ಬಿಟ್ಟೆ. ಮರುಳಸಿದ್ದಪ್ಪನವರು ಇನ್ನೊಂದು ಗುಂಡಿ ಒತ್ತುವುದಕ್ಕೆ ಬೆರಳೆತ್ತಿ ಹಾಗೇ ನಿಂತುಬಿಟ್ಟರು.

"ಯಾಕಣ್ಣ?"

"ಮರಿ ಕೆಲಸ ನಿಲ್ಲಿಸೋದಕ್ಕೆ ಲಿನಕ್ಸಲ್ಲಿ 'ಕೊಲ್ಲು' ಅಂತಾರೆ," ಎಂದರು ಸಣ್ಣ ದನಿಯಲ್ಲಿ. "ಅದನ್ನೂ ಅನುವಾದ ಮಾಡಿಬಿಟ್ಟಿದೀನಿ. ಒತ್ತಿದ್ರೆ ಒಂದೊಂದಾಗಿ ಕೂಗಿ ಹೇಳುತ್ತೆ."

ಆರು ವರ್ಷ ಹರಕೆ ಹೊತ್ತ ಹೊಟ್ಟೆ ಕೆಳಗೆ ಹಸೆಯ ಮೇಲೆ ಕೂತಿದೆ. ಅದರ ಮೇಲೆ ಈ ಹಾರ್ನ್ ಆ ಮಾತನ್ನು ಕೂಗುವುದೇ? ಸುಲೋಚನಮ್ಮನವರು ಬಿಡಿ, ನಾನೇ ತಡೆದುಕೊಳ್ಳಲಾರೆ!

"ನೀರು ಬೇಡ, ಏನೂ ಬೇಡ!" ಎಂದು ಅವರ ಕೈ ಹಿಡಿದುಕೊಂಡೆ. "ಊಟ ಇಲ್ದೆ ಕಳಿಸ್ತೀನಿ, ಬೈಸ್ಕೋತೀನಿ. ಅದನ್ನ ಮಾತ್ರ ಒತ್ಬೇಡಿ!"

ಮರುಳಸಿದ್ದಪ್ಪನವರು ನನ್ನ ಮುಖ ನೋಡಿದರು. ಜನ್ಮದಲ್ಲಿ ಮೊದಲ ಸಲ ಒಂದು ಯಂತ್ರದ ಮುಂದೆ ಅವರಿಗೆ ಏನೂ ತೋಚಲಿಲ್ಲ. ತೋಚಿದ್ದು ಸರ್ವಮಂಗಳಕ್ಕನಿಗೆ.

"ಅಲ್ರೀ, ಅನುವಾದ ಮಾಡಿದ್ದು ನೀವೇ ತಾನೇ? ಬೇರೆ ಮಾತು ಹಾಕಿ! ಮನೇಲಿ ಮಕ್ಕಳು ಗಲಾಟೆ ಮಾಡಿದ್ರೆ ಏನ್ ಮಾಡ್ತಾರೆ? ಮಲಗಿಸ್ತಾರಪ್ಪ!"

ಮರುಳಸಿದ್ದಪ್ಪನವರು ಹೆಂಡತಿಯನ್ನು ಮೊದಲ ಬಾರಿ ಕಂಡವರಂತೆ ನೋಡಿದರು. ಆಮೇಲೆ ಕೀಲಿಮಣೆಯ ಮೇಲೆ ಬಗ್ಗಿದರು. ಹುಟ್ಟುತ್ತಿದ್ದ ಮಕ್ಕಳ ನಡುವೆ ಒಂದೊಂದು ಅಕ್ಷರವೂ ತೆವಳಿಕೊಂಡು ಹೋಗುತ್ತಿತ್ತು. ಕೆಳಗೆ ಅಜ್ಜಿಯ ಎಣಿಕೆ ತೊಂಬತ್ತು ಮುಟ್ಟಿತ್ತು. ಅಕ್ಷರಗಳು ಮುಗಿದವು. ಗುಂಡಿ ಒತ್ತಿದರು.

ಹಾರ್ನ್ ಒಂದು ಕ್ಷಣ ತಡವರಿಸಿತು. ಆಮೇಲೆ ಸರ್ವಮಂಗಳಕ್ಕನ ಧ್ವನಿಯಲ್ಲಿ ಹೇಳಿತು:

"ಮಗು ಮಲಗಿತು."

ಕೆಳಗೆ ಗದ್ದಲ ನಿಂತಿತು.

"ಮಗು ಮಲಗಿತು. ಮಗು ಮಲಗಿತು."

ತಾರಸಿಯ ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಸುಲೋಚನಮ್ಮನವರು ಆರತಿ ತಟ್ಟೆಯನ್ನು ಪಕ್ಕಕ್ಕಿಟ್ಟು ಸೊಸೆಯ ತಲೆ ಸವರುತ್ತಿದ್ದರು. ಅಜ್ಜಿ ಎಣಿಸುವುದನ್ನು ಬಿಟ್ಟು ನಡುಗುವ ದನಿಯಲ್ಲಿ ಜೋಗುಳ ಎತ್ತಿಕೊಂಡರು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ಸೇರಿಕೊಂಡರು. ಮೇಲಿನಿಂದ "ಮಗು ಮಲಗಿತು", ಕೆಳಗಿನಿಂದ "ಜೋ ಜೋ". ತೊಂಬತ್ತೆಂಟು ಮಕ್ಕಳನ್ನು ಮಲಗಿಸಿದ್ದಾಯಿತು. ಸಹನಾ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಒರೆಸಿಕೊಂಡೆ.

ಎಂಟು ವಾಲ್ವುಗಳೂ ಕಿರ್ರೆಂದವು. "ಬಂತು! ನೀರು ಬಂತು!" ಎಂದು ಅಡುಗೆಯವರು ಕೂಗಿದರು. ಎಲ್ಲರಿಗೂ ಒಂದು ಪಾಲು, ನನಗೆ ಎರಡು ಪಾಲು. ಪಾಲು ಮುಗಿದ ಕೂಡಲೇ ವಾಲ್ವುಗಳು ಶಿಸ್ತಾಗಿ ಮುಚ್ಚಿಕೊಂಡವು.

"ನೋಡಿದ್ರಾ!" ಎಂದು ಮರುಳಸಿದ್ದಪ್ಪನವರು ಎದ್ದು ನಿಂತರು. "ಇದು ಲಿನಕ್ಸ್! ಬಿದ್ದರೂ ಏಳುತ್ತೆ!"

"ಮೋಟಾರು ಯಾಕ್ರೀ ಇನ್ನೂ ಓಡ್ತಾ ಇದೆ?" ಎಂದರು ಸರ್ವಮಂಗಳಕ್ಕ.

ಹೌದು, ಕೆಳಗೆ ಮೋಟಾರು ಗುಂಯ್‌ಗುಡುತ್ತಿತ್ತು. ಟ್ಯಾಂಕು ತುಂಬಿದರೂ ನಿಂತಿರಲಿಲ್ಲ.

"ಅದನ್ನ ನಿಲ್ಲಿಸೋದು ಮೋಟಾರಿನ ಭೂತದ ಕೆಲಸ..." ಎನ್ನುತ್ತಾ ಅವರು ಡಬ್ಬಿಗೆ ಕಿವಿಗೊಟ್ಟರು. "ನೀರಿನ ಭೂತ ಬಿಟ್ಟು ಎಲ್ಲರನ್ನೂ ಮಲಗಿಸು ಅಂದಿದ್ದೆ. ಅದೂ ಮಲಗಿಬಿಟ್ಟಿದೆ!"

ಟ್ಯಾಂಕಿನ ಬಾಯಿ ಮುಚ್ಚಿಕೊಂಡಿತ್ತು, ವಾಲ್ವುಗಳೂ ಮುಚ್ಚಿದ್ದವು. ಕೆಳಗಿನಿಂದ ನುಗ್ಗಿ ಬರುವ ನೀರಿಗೆ ದಾರಿಯೇ ಇಲ್ಲ. ಉಳಿದದ್ದು ಹಾರ್ನ್ ಕೂರಿಸಿದ್ದ ಹಳೆಯ ಪೈಪು. ಅದು ಬರೀ ಗಾಳಿಯ ಪೈಪೆಂದು ಅವರು ತಿಳಿದಿದ್ದರು. ಒಳಗಿದ್ದ ತುಕ್ಕು ಹಿಡಿದ ಬಿರಡೆ ಟಪ್ಪೆಂದು ಹಾರಿತು. ಹಾರ್ನ್ ಒಮ್ಮೆ ಗಂಟಲು ಸರಿಮಾಡಿಕೊಂಡಿತು.

"ಗ್ಳ್‌ಗ್ಳ್‌ಗ್ಳ್..." ಎಂದಿತು. ಆಮೇಲೆ ಅದರ ಅಗಲವಾದ ಬಾಯಿಯಿಂದ ನೀರು ಛತ್ರಿಯಂತೆ ಬಿಚ್ಚಿಕೊಂಡು ಚಿಮ್ಮಿತು! ಏರಿತು, ಬಾಗಿತು, ನೇರವಾಗಿ ನಮ್ಮ ಶಾಮಿಯಾನದ ಮೇಲೆ ಸುರಿಯಿತು. ಶಾಮಿಯಾನದ ಬಟ್ಟೆ ಹೊಟ್ಟೆ ಬಿಟ್ಟು ಜೋತು ಬಿದ್ದು, ಮಧ್ಯದಲ್ಲಿ ಹರಿಯಿತು. ನೀರೆಲ್ಲ ನಲವತ್ತು ಮಂದಿ ಬೀಗರ ನೆತ್ತಿಯ ಮೇಲೆ ಭೋರೆಂದು ಇಳಿಯಿತು.

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು, ಈ ಸಂಬಂಧ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಕಣ್ಣು ತೆರೆದೆ. ಸುಲೋಚನಮ್ಮನವರು ಅಂಗಳದ ನಡುವೆ ನಿಂತಿದ್ದರು. ಜರಿಯ ಸೀರೆ ಮೈಗೆ ಅಂಟಿತ್ತು, ಕುಂಕುಮ ಮೂಗಿನವರೆಗೆ ಹರಿದಿತ್ತು. ಅವರು ನಿಧಾನವಾಗಿ ಮುಖ ಒರೆಸಿಕೊಂಡು, ತಲೆಯೆತ್ತಿ ಹಾರ್ನನ್ನು ನೋಡಿದರು.

"ದಾಕ್ಷಾಯಿಣಮ್ಮೋರೇ!" ಎಂದು ಕೂಗಿದರು. "ನಿಂತು ಏನ್ ನೋಡ್ತಾ ಇದೀರಿ? ಬಿಂದಿಗೆ ತನ್ನಿ! ಎಂಥಾ ನೀರು ಸುಮ್ನೆ ಹೋಗ್ತಾ ಇದೆ!"

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ! ಕಡೂರಿನವರು ನಮ್ಮ ಮನೆಯ ಬಿಂದಿಗೆ, ಕೊಳಗ, ಪರಾತ, ಲೋಟದವರೆಗೆ ಎಲ್ಲವನ್ನೂ ಹೊರಗೆ ತಂದು ಹಿಡಿದರು. ರೇಷ್ಮೆ ಸೀರೆಗಳು ಮೊಣಕಾಲಿಗೆ ಏರಿದವು. ರಸ್ತೆಯ ಎಂಟೂ ಮನೆಯವರು ಬಕೆಟ್ಟು ಹಿಡಿದು ಓಡಿ ಬಂದರು; ನಾಲ್ಕನೇ ಮನೆಯವರು ಸೋಪನ್ನೂ ತಂದರು. ಅಜ್ಜಿ ಕುರ್ಚಿಯನ್ನು ಸರಿಯಾಗಿ ನೀರು ಬೀಳುವ ಜಾಗಕ್ಕೆ ಎಳೆಸಿಕೊಂಡು ಕೂತರು. ಸಹನಾ ಜಗಲಿಯ ಮೇಲೆ ಒಣ ಜಾಗದಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮಳೆಯಿಲ್ಲದ ಊರಿನಲ್ಲಿ ಒಂದೇ ಮನೆಯ ಮೇಲೆ ಮಳೆ ಬೀಳುವುದನ್ನು ಕಂಡು, ಊರಿಗೆ ನೀರು ಬಿಡುವ ರಂಗಪ್ಪ ಸೈಕಲ್ ನಿಲ್ಲಿಸಿ ತಾರಸಿಗೆ ಬಂದ. ಒದ್ದೆ ಡಬ್ಬಿಯನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದ ಮರುಳಸಿದ್ದಪ್ಪನವರನ್ನು ನೋಡಿದ. ಹಾರ್ನನ್ನು ನೋಡಿದ. ಸಮಾಧಾನವಾಗಿ ಕೆಳಗಿಳಿದು ಹೋಗಿ, ಗೋಡೆಯ ಮೇಲಿದ್ದ ಮೋಟಾರಿನ ಸ್ವಿಚ್ಚನ್ನು ಟಕ್ಕೆಂದು ಆರಿಸಿದ. ನೀರು ನಿಂತಿತು.

ಮರುಳಸಿದ್ದಪ್ಪನವರು ಮೇಲಿನಿಂದ ಬಗ್ಗಿ ಕೇಳಿದರು. "ರಂಗಪ್ಪಾ, ಗುಟ್ಟಿನ ಮಾತು ಕೇಳ್ಲೇ ಇಲ್ವಾ ಅದು?"

"ಕೇಳ್ತು ಸಾಮಿ," ಎಂದ ರಂಗಪ್ಪ ಸೈಕಲ್ ಹತ್ತುತ್ತಾ. "ಮೇಲಕ್ಕೆ ಅಂದ್ರೆ ನಿಲ್ಲುತ್ತೆ, ಕೆಳಕ್ಕೆ ಅಂದ್ರೆ ಓಡುತ್ತೆ. ಯಾರ್ಗೂ ಹೇಳ್ಬೇಡಿ."